ಎಡೆಗೆ ಮುಂಚಿನ ತುತ್ತು

ಎಳ್ಳಮಾವಾಸ್ಯೆಯ ಪೂಜೆಯ ಅನ್ನ ತಿಂದದ್ದಕ್ಕೆ ನಮ್ಮ ಅವ್ವ ಸಭೆಯ ಮುಂದೆ ನಿಂತು ಕ್ಷಮೆ ಕೇಳಬೇಕು, ಇಲ್ಲವಾದರೆ ಈ ಭಾನುವಾರ ಪ್ರಭು ಭೋಜನಕ್ಕೆ ಬರಬಾರದು. ನಮ್ಮ ಚರ್ಚಿನ ಹಿರಿಯರೊಬ್ಬರು ಹೀಗೆ ಹೇಳಿ ಹೋದರು. ಹೇಳಿದ್ದು ಎಲ್ಲಿ? ನನ್ನ ಅಂಗಡಿಯ ಬಾಗಿಲಲ್ಲಿ. ಹುಮನಾಬಾದಿನಲ್ಲಿ ನಾನು ಜಂಪರ್ ಹೊಲಿಯುವವಳು. ಹೆಂಡತಿಯ ಜಂಪರ್ ಒಯ್ಯಲು ಬಂದವರು ಜಂಪರಿನ ಜೊತೆಗೆ ನನ್ನ ನಿದ್ದೆಯನ್ನೂ ಒಯ್ದರು.

ಇದಕ್ಕೆಲ್ಲ ಕಾರಣ ನಾನು ಚರ್ಚಿನಲ್ಲಿ ಸಾಕ್ಷಿ ಹೇಳಲು ಎದ್ದು ನಿಂತದ್ದು. ಹಿಂದಿನ ಭಾನುವಾರ, ದೇವರು ಮಾಡಿದ ಉಪಕಾರ ಹೇಳುವವರು ಹೇಳಿ ಎಂದಾಗ ನಾನು ಎದ್ದೆ. 'ಎಳ್ಳಮಾವಾಸ್ಯೆ ದಿನ ಒಂದು ಹೊಲದಲ್ಲಿ ಉಂಡೆವು' ಎನ್ನುತ್ತಿದ್ದಂತೆ ಕೂರಿಸಿಬಿಟ್ಟರು. ಮುಂದಿನದನ್ನು ಯಾರೂ ಕೇಳಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಬೇರೆಯವರದು ಎಂದುಕೊಂಡಿದ್ದೆ. ನಮ್ಮದೂ ಹೌದು. ಕೂರಿಸಿದವರು ಈಗ ಇದನ್ನು ಓದಿಕೊಳ್ಳಲಿ.

ಅವ್ವನ ಬಗ್ಗೆ ಮೊದಲು ಹೇಳಬೇಕು. ಎಪ್ಪತ್ತು ದಾಟಿದವಳು. ಪೂಜೆ ಆದ ಅನ್ನವನ್ನು ಜೀವಮಾನದಲ್ಲಿ ಬಾಯಿಗೆ ಇಟ್ಟವಳಲ್ಲ. ಪಕ್ಕದ ಮನೆಯವರು ಪ್ರಸಾದದ ತೆಂಗಿನ ಹೋಳು ಕೊಟ್ಟರೆ ನಗುತ್ತಲೇ ಈಸಿಕೊಂಡು, ಅವರು ಮರೆಯಾದ ಮೇಲೆ ಮನೆಯ ಆಡಿನ ಬಾಯಿಗೆ ಹಾಕುವವಳು. ಇದಕ್ಕಾಗಿ ಆಕೆಯೊಡನೆ ನಾನು ಎಷ್ಟೋ ಸಲ ಜಗಳವಾಡಿದ್ದೇನೆ. ಆಕೆ ಬಗ್ಗುವ ಕುಳವಲ್ಲ.

ಕ್ರಿಸ್ಮಸ್ ಮುಗಿದ ವಾರ. ಮೋರಖಂಡಿಯಲ್ಲಿರುವ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಹಬ್ಬದ ಸೀರೆ ಕೊಡಲು ಇಬ್ಬರೂ ಹೊರಟೆವು. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡು, ತಂಗಿಯ ಮನೆಯ ಕೋಳಿ ಸಾರಿಗೆ ಹೊಟ್ಟೆಯಲ್ಲಿ ಜಾಗ ಬಿಟ್ಟು, ಅರ್ಧ ರೊಟ್ಟಿ ತಿಂದಳು. ನನ್ನ ಚೀಲದಲ್ಲಿ ಆಕೆಗೆಂದೇ ಬಿಸ್ಕತ್ತಿನ ಪೊಟ್ಟಣ ಇರುತ್ತದೆ. ಬಸ್ಸಿನಲ್ಲಿ ಅಳುತ್ತಿದ್ದ ಒಂದು ಕೂಸಿಗೆ ಅದನ್ನು ಪೂರಾ ಕೊಟ್ಟುಬಿಟ್ಟಳು. ಬಸವಕಲ್ಯಾಣದಲ್ಲಿ ಇಳಿದು ಇನ್ನೊಂದು ಕೊಳ್ಳೋಣವೆಂದರೆ ಎಲ್ಲ ಬಂದ್. ಎಳ್ಳಮಾವಾಸ್ಯೆ ಎಂದರೆ ನಮ್ಮ ಕಡೆ ಹಾಗೆಯೇ. ಊರಿಗೆ ಊರೇ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತದೆ. ಚಹಾದ ಡಬ್ಬಿ ಅಂಗಡಿ ಕೂಡ ತೆರೆದಿರಲಿಲ್ಲ.

ಇದ್ದ ಒಂದೇ ಒಂದು ಆಟೋ ಹಿಡಿದೆವು. ಅದು ಅರ್ಧ ದಾರಿಯಲ್ಲಿ ಕೆಮ್ಮಿ ನಿಂತಿತು. ಆಟೋದವನು ಬೇರೆ ಗಾಡಿ ತರುತ್ತೇನೆಂದು ನಡೆದುಹೋದ. ಸ್ವಲ್ಪ ಹೊತ್ತಿಗೆ ಅವ್ವನ ಹಣೆ ಬೆವೆತಿತು, ಕೈ ನಡುಗತೊಡಗಿತು, ಮಾತು ತೊದಲಿತು. ಸಕ್ಕರೆ ಇಳಿದರೆ ಏನಾಗುತ್ತದೆಂದು ನನಗೆ ಗೊತ್ತು. ಒಮ್ಮೆ ಇದೇ ರೀತಿ ಆಕೆ ನೆಲಕ್ಕೆ ಬಿದ್ದಿದ್ದಳು.

ರಸ್ತೆ ಪಕ್ಕದ ಜೋಳದ ಹೊಲದಲ್ಲಿ ಅತ್ತೆ ಸೊಸೆ ಇಬ್ಬರು ಕಂಡರು. ಅವ್ವನನ್ನು ತೋಳಲ್ಲಿ ಹಿಡಿದು ಎಳೆದುಕೊಂಡೇ ಹೋದೆ. ಜೋಳದ ದಂಟಿನ ಪುಟ್ಟ ಗೂಡು, ಅದರೊಳಗೆ ಸುಣ್ಣ ಬಳಿದ ಐದು ಕಲ್ಲು. ಅವೇ ಆ ದಿನ ಪೂಜೆಗೊಳ್ಳುವ ಪಾಂಡವರು. ಪಕ್ಕದಲ್ಲಿ ಬಟ್ಟೆ ಕಟ್ಟಿದ ಬುಟ್ಟಿ, ಅಂಬಲಿಯ ಮಡಕೆ. ಗಂಡಸರು ಬಂದಿರಲಿಲ್ಲ, ಪೂಜೆ ಆಗಿರಲಿಲ್ಲ.

"ಬರ್ರಿ ಬರ್ರಿ, ಕೂಡ್ರಿ," ಎಂದಳು ಸೊಸೆ. "ಅವ್ರು ಬರಾಕತ್ತಾರ. ಪೂಜಿ ಒಂದು ಆಗ್ಲಿ, ಜಲ್ದಿ ಉಣ್ಣಾಕ ಹಾಕ್ತೀವಿ."

ಆ ಸ್ಥಿತಿಯಲ್ಲೂ ಅವ್ವ ತಲೆ ಅಲ್ಲಾಡಿಸಿದಳು. "ಪೂಜಿ ಆದದ್ದು ನಾ ಉಣ್ಣಂಗಿಲ್ಲವ್ವ. ನಾವು ಯೇಸುಸ್ವಾಮಿ ಮಂದಿ."

ಯೇಸುಸ್ವಾಮಿ ಮಂದಿ ಎಂದರೆ ನಮ್ಮ ಕಡೆ ಕೇಳಿದವರಿಗೆ ಓಣಿ ಯಾವುದು, ಜಾತಿ ಯಾವುದು ಎಲ್ಲ ತಿಳಿಯುತ್ತದೆ. ಅತ್ತೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಪೂಜಿ ಆಗೋ ಮಟ ನಾವು ಬುಟ್ಟಿ ಮುಟ್ಟಂಗಿಲ್ಲ. ಆದ ಮ್ಯಾಲ ನೀವು ಉಣ್ಣಂಗಿಲ್ಲ. ಹ್ಯಾಂಗ ಮಾಡೋದು ಈಗ?"

ನನಗೆ ಅವ್ವನ ಮೇಲೆಯೇ ಸಿಟ್ಟು ನೆತ್ತಿಗೇರಿತು. "ಸಾಯ್ತೀಯೇನ? ಏನರೇ ಉಣ್ಣು!" ಎಂದು ಕೂಗಿದೆ. ಆಕೆ ಕಣ್ಣು ಮುಚ್ಚಿ ನನ್ನ ಭುಜಕ್ಕೆ ಒರಗಿದಳು. ಸೊಸೆ ಅವ್ವನ ಮುಖವನ್ನೇ ನೋಡುತ್ತಿದ್ದಳು. ಥಟ್ಟನೆ ಬಗ್ಗಿ ಬುಟ್ಟಿಯ ಗಂಟು ಬಿಚ್ಚಿದಳು.

"ಏ, ದೇವರಿಗಿ ಇನ್ನಾ ಎಡಿ ಹಿಡಿದಿಲ್ಲ!" ಅತ್ತೆ ಗದರಿದಳು.

"ದೇವ್ರು ತಡೀತಾನ ಅತ್ತಿ. ಈ ಜೀವ ತಡ್ಯಂಗಿಲ್ಲ."

ಅತ್ತೆ ಬಂದು ಬುಟ್ಟಿಯೊಳಗೆ ಇಣುಕಿದಳು. ಆಮೇಲೆ ಆಕೆ ಹೇಳಿದ್ದು ಇಷ್ಟೇ: "ಭಜ್ಜಿ ಯಾಕ ತೆಗೀತಿ ಹುಚ್ಚಿ? ಹುಗ್ಗಿ ತೆಗಿ ಮೊದ್ಲ, ಬೆಲ್ಲದ್ದು."

ಗೋದಿ ಹುಗ್ಗಿಯ ಮೊದಲ ತುತ್ತನ್ನು ಸೊಸೆ ತನ್ನ ಕೈಯಿಂದಲೇ ಅವ್ವನ ಬಾಯಿಯ ಹತ್ತಿರ ಒಯ್ದಳು. ಅವ್ವನ ತುಟಿ ಅಲುಗುತ್ತಿತ್ತು. ಊಟಕ್ಕೆ ಮುಂಚಿನ ಪ್ರಾರ್ಥನೆ. ಅದು ಮುಗಿಯುವವರೆಗೆ ಸೊಸೆ ತುತ್ತು ಹಿಡಿದು ಕಾದಳು. ನನಗೆ ಅಳು ಬಂತು, ತಡೆದುಕೊಳ್ಳಲಿಲ್ಲ. ಇನ್ನೂ ನಾಲ್ಕಾರು ತುತ್ತು ಇಳಿದ ಮೇಲೆ ಅವ್ವನ ಕೈ ನಡುಕ ನಿಂತಿತು.

ಅಷ್ಟರಲ್ಲಿ ಸೊಸೆಯ ಗಂಡ ಬಂದ, ಹಿಂದೆ ಅಣ್ಣತಮ್ಮಂದಿರು. ಬಿಚ್ಚಿದ ಬುಟ್ಟಿ ನೋಡಿ ಅವನ ಮುಖ ಬಿಗಿಯಿತು. "ಯಾರ್ ಬಿಚ್ಚಿದ್ರು ಇದನ್ನ?"

ಸೊಸೆ ಹುಗ್ಗಿ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ನಾನೇ ಬಿಚ್ಚೀನಿ. ಏನೀಗ?"

ಮಗ ಚಪ್ಪಲಿ ಕಳಚಿ ಗೂಡಿನ ಕಡೆ ನಡೆದ. ಒಬ್ಬರ ತಪ್ಪನ್ನು ಇನ್ನೊಬ್ಬರು ಹೊರುವ ಮಾತನ್ನು ನಾನು ಪ್ರತಿ ಶುಭ ಶುಕ್ರವಾರ ಚರ್ಚಿನಲ್ಲಿ ಕೇಳುತ್ತ ಬೆಳೆದವಳು. ಕಣ್ಣಾರೆ ನೋಡಿದ್ದು ಆ ಹೊಲದಲ್ಲಿ, ಬಾಯ್ತುಂಬ ಎಲೆಅಡಿಕೆ ಹಾಕಿಕೊಂಡ ಒಬ್ಬ ಜಗಳಗಂಟಿ ಅತ್ತೆಯಲ್ಲಿ. ಆಕೆ ಯೇಸುವಿನ ಹೆಸರು ಕೇಳಿದ್ದಳೋ ಇಲ್ಲವೋ, ನಾನು ವಿಚಾರಿಸಲಿಲ್ಲ. ಅವನ ಕೆಲಸ ಮಾಡಿದವಳ ಮುಂದೆ ಹೆಸರಿನ ಪರೀಕ್ಷೆ ಇಡಲು ನನಗೆ ನಾಚಿಕೆಯಾಯಿತು.

ಅವರು ಪೂಜೆಗೆ ಕೂತರು. "ಮೊದ್ಲ ಒಬ್ಬಾಕಿ ಉಂಡಾಳ, ಸಿಟ್ಟಾಗಬ್ಯಾಡ್ರಪ್ಪ," ಎಂದು ಅತ್ತೆ ಆ ಕಲ್ಲುಗಳಿಗೆ ಸಮಜಾಯಿಷಿ ಹೇಳಿದ್ದು ನಮಗೂ ಕೇಳಿಸಿತು. ಬೇರೆ ಆಟೋ ಬಂದಾಗ ಅವ್ವ ಸೊಸೆಯ ತಲೆಯ ಮೇಲೆ ಕೈಯಿಟ್ಟು ಯೇಸುವಿನ ಹೆಸರಿನಲ್ಲಿ ಗಟ್ಟಿಯಾಗಿಯೇ ಪ್ರಾರ್ಥಿಸಿದಳು. ಅತ್ತೆ ಹತ್ತಿರ ಬಂದಳು. "ನನ್ನ ಮೊಣಕಾಲಿಗೂ ಒಂದೀಟು ಹೇಳ್ರಿ ಅವರಿಗಿ." ಅವ್ವ ಅದನ್ನೂ ಹೇಳಿದಳು.

ಇಷ್ಟೇ ನಡೆದದ್ದು. ಹಿರಿಯರ ಮಾತನ್ನು ಅವ್ವನಿಗೆ ತಿಳಿಸಿದಾಗ ಆಕೆ ಅಕ್ಕಿ ಆರಿಸುತ್ತ ಕೂತಿದ್ದಳು. "ಪೂಜಿ ಆಗಿರ್ಲಿಲ್ಲ ಅಂತ ಹೇಳಿಬಿಡ್ಲೇನು?" ಎಂದು ಕೇಳಿದೆ. ಅಷ್ಟು ಹೇಳಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಬ್ಯಾಡ," ಎಂದಳು ಅವ್ವ. "ತನ್ನ ದೇವರನ್ನ ಕಾಯಿಸಿ ನನ್ನ ದೇವರ ಮಾತು ಉಳಿಸ್ಯಾಳ ಆಕಿ. ಆಕಿ ಅನ್ನ ಮೈಲಿಗಿ ಅಲ್ಲ ಅಂತ ನಾ ವಕೀಲಿ ಮಾಡಂಗಿಲ್ಲ."

ಭಾನುವಾರ ಬಂತು. ಪ್ರಭು ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಕರೆದಾಗ ಅವ್ವ ಎಲ್ಲರಿಗಿಂತ ಮುಂದೆ ಹೋಗಿ ಬಲಿಪೀಠದ ಮುಂದಿನ ಕಟಕಟೆಯ ಬಳಿ ಮೊಣಕಾಲೂರಿದಳು. ನಾನು ಪಕ್ಕದಲ್ಲಿ ಕೂತೆ, ಯಾರಾದರೂ ಎಬ್ಬಿಸಲಿ ನೋಡೋಣ ಎಂದು. ರೊಟ್ಟಿಯ ತಟ್ಟೆ ಹಿಡಿದ ಪಾಸ್ಟರ್ ನಮ್ಮ ಮುಂದೆ ನಿಂತರು. ಹಿಂದಿದ್ದ ಅದೇ ಹಿರಿಯರು ಕೆಮ್ಮಿದರು. ಪಾಸ್ಟರರ ಕೈ ತಟ್ಟೆಯ ಮೇಲೆಯೇ ನಿಂತಿತು. ಅವ್ವ ಚಾಚಿದ ಅಂಗೈ ಹಿಂದೆ ತೆಗೆಯಲಿಲ್ಲ.

"ಕಾಯಿಸಬ್ಯಾಡ್ರಿ ಪಾಸ್ಟರ್ರ," ಎಂದಳು, ಕೊನೆಯ ಬೆಂಚಿಗೂ ಕೇಳುವಂತೆ. "ಹೊಲದಾಗ ಆಕಿ ನನ್ನ ಕಾಯಿಸ್ಲಿಲ್ಲ."

ಪಾಸ್ಟರ್ ರೊಟ್ಟಿ ಮುರಿದು ಆಕೆಯ ಅಂಗೈಯಲ್ಲಿಟ್ಟರು.