ಕಣಿಗೆ ಬೆಳೆಸಿದ ಬದನೆ

ಮಕ್ಕಳೇ, ಕಳೆದ ರಜೆಯಲ್ಲಿ ನೀವು ಬಂದಾಗ, "ಹಿತ್ತಿಲಲ್ಲಿ ಒಂದೂ ಸಣ್ಣ ಹಕ್ಕಿ ಇಲ್ಲವಲ್ಲ ಅಜ್ಜಿ, ಯಾಕೆ?" ಎಂದು ಕೇಳಿದಿರಿ. ಮೊಬೈಲ್ ಟವರಿನಿಂದ ಎಂದೆ. ಊರಲ್ಲಿ ಎಲ್ಲರೂ ಹಾಗೆಯೇ ಹೇಳುವುದು. ನನಗೆ ಗೊತ್ತಿದ್ದದ್ದು ಬೇರೆ. ಎದುರಿಗೆ ಹೇಳಲು ನಾಚಿಕೆಯಾಯಿತು, ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜನ ವರ್ಷಾಂತಿಕ ಕಳೆದ ಮೇಲಿನ ಮೊದಲ ಬಿಸು ಹಬ್ಬ, ನಮ್ಮ ಕಡೆಯ ಹೊಸವರ್ಷ. ಅಂದು ಬೆಳಿಗ್ಗೆ ಕಣ್ಣುಬಿಟ್ಟೊಡನೆ ನೋಡಲು ದೇವರ ಮುಂದೆ ಹಣ್ಣು ತರಕಾರಿ ಜೋಡಿಸುವ ಕಣಿಗೆ ಹಿತ್ತಿಲಲ್ಲಿ ಬೆಳೆದದ್ದನ್ನೇ ಇಡುವುದು ನಮ್ಮ ಮನೆಯ ಕ್ರಮ. ಹುಳ ಕೊರೆದ ಕಾಯಿ ಆಗದು. ಅಷ್ಟು ವರ್ಷ ಒಲೆಯ ಬೂದಿ ಎರಚಿಯೇ ಒಂದೆರಡು ಒಳ್ಳೆಯ ಕಾಯಿ ಸಿಗುತ್ತಿತ್ತು. ಆ ವರ್ಷ ಬದನೆಗೆ ವಿಪರೀತ ಹುಳ. ಅಂಗಡಿಯಿಂದ ಮದ್ದಿನ ಬಾಟಲಿ ತರಿಸಿದೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ ಎಂದಿದ್ದರು. ಸಾರಿಗೆ ಉಪ್ಪು ಹಾಕಿದ ಹಾಗೆ ಕೈಯಂದಾಜಿನಲ್ಲಿ ಇನ್ನೆರಡು ಮುಚ್ಚಳ ಹಾಕಿದೆ.

ಒಂದು ಬದನೆ ಗಿಡದಲ್ಲಿ ಎಲೆ ಹೊಲಿದು ಮಾಡಿದ ಟುವ್ವಿ ಹಕ್ಕಿಯ ಗೂಡಿತ್ತು. ಒಳಗೆ ಮೂರು ಮರಿ. ಆ ಗಿಡಕ್ಕೆ ಮದ್ದು ಬಿಡಲಿಲ್ಲ. ಅಷ್ಟು ಸಾಕು ಎಂದುಕೊಂಡೆ.

ತಾಯಿ ಹಕ್ಕಿ ಹುಳ ಹೆಕ್ಕಿದ್ದು ಪಕ್ಕದ ಗಿಡಗಳಿಂದ. ಮದ್ದು ತಾಗಿ ನಿಧಾನವಾದ ಹುಳ, ಹಿಡಿಯಲು ಸುಲಭ. ಮೂರನೆಯ ದಿನ ಗೂಡಿನಲ್ಲಿ ಸದ್ದಿಲ್ಲ. ಇಣುಕಿದೆ. ಮೂರೂ ಸತ್ತಿದ್ದವು.

ಗೂಡನ್ನು ತೆಂಗಿನ ಬುಡದಲ್ಲಿ ಹೂತು ಬರುವಾಗ ಆಚೆಮನೆಯ ಬ್ಯಾರಿ ಹೆಂಗಸು ಬೇಲಿಯ ಹತ್ತಿರ ನಿಂತಿದ್ದಳು.

"ಎಂತ ಅಕ್ಕ, ಬದನೆ ಭಾರೀ ಚಂದ ಉಂಟಲ್ಲ! ಮುಖ ನೋಡ್ಲಿಕ್ಕೆ ಕನ್ನಡಿ ಬೇಡ."

"ಎರಡು ಕೊಡ್ಲಾ?"

"ಬೇಡಪ್ಪ. ಹುಳಕ್ಕೇ ಬೇಡದ್ದು ನನಗೆಂತಕ್ಕೆ?"

ನಗಾಡಿದಳು. ನಾನೂ ನಕ್ಕೆ. ಮರಿಗಳ ವಿಷಯ ಹೇಳಲಿಲ್ಲ.

ಅದೊಂದೇ ವರ್ಷವಾಗಿದ್ದರೆ ಬೇರೆ. ಮರುವರ್ಷವೂ ಮದ್ದು ಬಿಟ್ಟೆ, ಅಲಸಂಡೆಗೂ ಬಿಟ್ಟೆ. ಅಡುಗೆಗೆ ಗ್ಯಾಸ್ ಬಂದ ಮೇಲೆ ಬೂದಿಯೂ ಇರಲಿಲ್ಲ, ಹುಳ ಹೆಕ್ಕಲು ಸೊಂಟ ಬಗ್ಗುತ್ತಿರಲಿಲ್ಲ. ಕಾಜಾಣ, ಮಡಿವಾಳ ಹಕ್ಕಿ ಬರುವುದು ಯಾವಾಗ ನಿಂತಿತೋ, ನಾನು ಗಮನಿಸಲಿಲ್ಲ.

ಈಗ ಕೆಲವು ವರ್ಷಗಳಿಂದ ಬಾಟಲಿ ತರಿಸುವುದಿಲ್ಲ. ಹಕ್ಕಿಗಳು ಬಂದಿಲ್ಲ. ಸುತ್ತಲಿನ ಮನೆಯವರೂ ಮದ್ದು ಬಿಡುತ್ತಾರೆ, ಎಲ್ಲವೂ ನನ್ನಿಂದಲೇ ಆಯಿತೆಂದು ಹೇಳಲಾರೆ. ಆ ಮೂರು ಮರಿಗಳು ಮಾತ್ರ ನನ್ನ ಕೈಯಿಂದಲೇ ಸತ್ತದ್ದು.