ಅಕ್ಕನ ಫೋಟೊ ಪಾಸಾಯಿತು

ಬೆಳಿಗ್ಗೆ ಸ್ಟುಡಿಯೋದ ಶಟರ್ ಎತ್ತಿ, ಕಸ ಹೊಡೆದು, ಊದಿನಕಡ್ಡಿ ಹಚ್ಚುವಷ್ಟರಲ್ಲಿ ಮೊಬೈಲ್ ಟಿಣ್ ಎಂದಿತು. ನಮ್ಮಂಥವರ ಫೋಟೊಗಳನ್ನು ಜಗತ್ತಿಗೆಲ್ಲ ಮಾರುವ ಒಂದು ಇಂಟರ್‌ನೆಟ್ ಸೈಟಿನವರ ಮೇಲ್. ನಾನು ಕಳಿಸಿದ್ದ ಫೋಟೊ ಒಪ್ಪಿಗೆಯಾಗಿದೆಯಂತೆ. ಎಷ್ಟೋ ಸಲ ಬೇಡವೆನ್ನಿಸಿಕೊಂಡವನು ಕುಣಿದಾಡಬೇಕಿತ್ತು. ಕಡ್ಡಿ ಕೈಯಲ್ಲಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತೆ. ಆ ಫೋಟೊದಲ್ಲಿರುವ ನನ್ನ ಅಕ್ಕ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ.

ಶಹಾಪುರದಲ್ಲಿ ನನ್ನದು ಮದುವೆ, ಜವಳ, ಪಾಸ್‌ಪೋರ್ಟ್ ಸೈಜಿನ ಬದುಕು. ಸೀಜನ್ ಮುಗಿದ ಮೇಲೆ ನೊಣ ಹೊಡೆಯುತ್ತ ಕೂರುವುದೇಕೆಂದು ಈ ಸೈಟಿಗೆ ಗಂಟುಬಿದ್ದೆ. ನಾನೇನೋ ದೊಡ್ಡ ಫೋಟೊಗ್ರಾಫರ್ ಎಂದುಕೊಂಡಿದ್ದೆ ನೋಡಿ! ಅವರು ಹೆಣ್ಣು ನೋಡಲು ಬಂದ ಬೀಗರಿಗಿಂತ ಬಿಗಿ. ಸುರಪುರದ ಗುಡ್ಡ ಕಳಿಸಿದರೆ ಆಕಾಶದಲ್ಲಿ ಕಲೆ ಇದೆ ಅಂದರು. ಮುದನಾಳದ ಹತ್ತಿಹೊಲ ಕಳಿಸಿದರೆ ಇಂಥವು ನಮ್ಮಲ್ಲಿ ಬೇಕಾದಷ್ಟಿವೆ ಅಂದರು. ಕೊನೆಗೆ ನನಗೆ ಹೊಳೆದದ್ದು ಗೋಗಿಯಲ್ಲಿದ್ದ ಅಕ್ಕ, ಅವಳ ಜೋಳದ ರೊಟ್ಟಿ.

ಅಕ್ಕನ ಅಡುಗೆಮನೆಗೆ ಒಂದೇ ಕಿಟಕಿ. ಅವಳು ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರೆ ಕೈಯೇ ಕಾಣುತ್ತಿರಲಿಲ್ಲ, ಅಷ್ಟು ಬಿರುಸು. ಬಾಯಿ ಅದಕ್ಕಿಂತ ಬಿರುಸು. ನನ್ನ ಹೊಟ್ಟೆ, ನನ್ನ ಹೆಂಡತಿಯ ಸಾರು, ಯಾವುದನ್ನೂ ಬಿಡಲಿಲ್ಲ. ನಗುತ್ತಲೇ ಕ್ಲಿಕ್ಕಿಸಿದೆ. ಸೈಟಿನವರು ತಿರುಗಿಸಿ ಕಳಿಸಿದರು: ಬೆಳಕು ಸಾಲದೆ ಚಿತ್ರದ ತುಂಬ ರವೆಯಂಥ ಕಾಳು ಬಂದಿದೆ, ಕೈ ಅಲುಗಿ ಮಸುಕಾಗಿದೆ.

ಅದು ಕ್ಯಾಮೆರಾದ ತಪ್ಪು ಎಂದು ಎಷ್ಟು ಹೇಳಿದರೂ ಅಕ್ಕ ಒಪ್ಪಲಿಲ್ಲ. ಆಗಲೇ ಅವಳಿಗೆ ಮೈ ಸರಿಯಿರಲಿಲ್ಲ, ಊಟ ಸೇರುತ್ತಿರಲಿಲ್ಲ. ತನ್ನ ಕೈಯಲ್ಲಿ ಕಸುವಿಲ್ಲದ್ದನ್ನು ಪರದೇಶದವರೂ ಕಂಡುಹಿಡಿದರು ಎಂದೇ ಅವಳ ನಂಬಿಕೆ.

"ಮತ್ತೊಮ್ಮಿ ಬಾ ತಮ್ಮಾ, ಈ ಸಲ ನಾ ಪಾಸಾಗೇ ಆಗ್ತೀನಿ," ಅಂದಳು.

ಸ್ಟ್ಯಾಂಡು, ಲೈಟು ಹೊತ್ತುಕೊಂಡು ಹೋದೆ. ನೋಡಿದರೆ, ಚಿತ್ರದಲ್ಲಿ ಬಂದ ಕಾಳೆಲ್ಲ ತನ್ನ ಮನೆಯ ಧೂಳೇ ಎಂದುಕೊಂಡು ಮಸಿ ಹಿಡಿದ ಗೋಡೆಗೆ ಸುಣ್ಣ ಹೊಡೆಸಿದ್ದಾಳೆ! ಮುಖಕ್ಕೆ ಪೌಡರ್, ಮೈಮೇಲೆ ಪೆಟ್ಟಿಗೆಯಿಂದ ತೆಗೆದ ಇಳಕಲ್ ಸೀರೆ. ನಾನು ಕ್ಯಾಮೆರಾ ಎತ್ತಿದ್ದೇ ತಡ, ಕೈಯನ್ನು ರೊಟ್ಟಿಯ ಮೇಲೆ ಗಾಳಿಯಲ್ಲೇ ನಿಲ್ಲಿಸಿ ಉಸಿರು ಬಿಗಿಹಿಡಿದಳು. ಬಡಿ ಅಕ್ಕ, ಬಡಿ ಎಂದು ಗೋಗರೆದರೂ ಅಲುಗಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಸೋತು ಹಾಗೆಯೇ ತೆಗೆದೆ. ಬೆರಳಿನ ಒಂದೊಂದು ಗೆರೆಯೂ ಸ್ಪಷ್ಟ. ಕಂಪ್ಯೂಟರಿನಲ್ಲಿ ಬೆಳಕು ತಿದ್ದಿ, ಸೀದ ರೊಟ್ಟಿಯನ್ನು ಕತ್ತರಿಸಿ ತೆಗೆದು ಕಳಿಸಿದೆ.

ಆಮೇಲೆ ದಿನಾ ಅವಳ ಫೋನು. ಯಾದಗಿರಿಯ ಆಸ್ಪತ್ರೆಗೆ ಸೇರಿಸಿದ ಮೇಲೆ, ಡಾಕ್ಟರು ಏನಂದರೆಂದು ಕೇಳದವಳು ಇದೊಂದನ್ನು ಮಾತ್ರ ಕೇಳುತ್ತಿದ್ದಳು: "ಪಾಸಾತೇನೋ?"

ಇನ್ನೂ ನೋಡುತ್ತಿದ್ದಾರೆ ಅನ್ನುತ್ತಿದ್ದೆ. ಅದು ನಿಜವೇ ಆಗಿತ್ತು. ಒಂದು ಮುಂಜಾನೆ ಅವಳ ನಂಬರಿನಿಂದಲೇ ಫೋನು ಬಂತು. ಮಾತಾಡಿದವರು ಮಾವ, ಅಕ್ಕನ ಗಂಡ.

ಇವತ್ತು ಈ ಸುದ್ದಿ ಯಾರಿಗೆ ಹೇಳಲಿ? ಮಾವನಿಗೇ ಫೋನು ಹಚ್ಚಿದೆ. ಮೊದಲೇ ಮಾತು ಕಡಿಮೆಯ ಮನುಷ್ಯ. ಎರಡರಲ್ಲಿ ಯಾವುದು ಪಾಸಾಯಿತು ಎಂದಷ್ಟೇ ಕೇಳಿದರು. ಕೈ ಎತ್ತಿ ಹಿಡಿದು ಕೂತದ್ದು ಎಂದೆ.

"ಅದು ಅವರಿಗೇ ಇರ್ಲಿ. ಅಕಿ ಎಂದಾದ್ರೂ ಹಂಗ ಸುಮ್ಮ ಕುಂತಿದ್ಲೇನು? ಕೈ ಅಲ್ಲಾಡಿದ್ದು ಐತೆಲ್ಲ, ಅದನ್ನ ನನಗ ಕೊಡು."

ಅಂಗಡಿಗೆ ಬಂದವರಿಗೆ ನಾಳೆ ಬರಲು ಹೇಳಿ, ಶಟರ್ ಅರ್ಧ ಇಳಿಸಿ, ಮನಸಾರೆ ಅತ್ತೆ. ಈಗ ಮಾವ ಕೇಳಿದ ಆ ಫೋಟೊ ಪ್ರಿಂಟ್ ಮಷಿನ್ನಿನಿಂದ ಮೆಲ್ಲಗೆ ಹೊರಬರುತ್ತಿದೆ. ಒಂದು ಕಾಳನ್ನೂ ಅಳಿಸಿಲ್ಲ.