ಬ್ಯೂಲಾ ಕೊಟ್ಟ ಕೊಂಬು

ಅಮೆರಿಕದ ವರ್ಮಾಂಟಿನ ಒಂದು ಊರಿನಲ್ಲಿ, ಮನೆ ಬೆಚ್ಚಗಿಡುವ ಬಾಯ್ಲರ್ ರಿಪೇರಿಯ ಎಲ್ವಿನ್ ಥೇಯರನಿಗೆ ಕೊಂಬಿನ ಎಲ್ವಿನ್ ಎಂದೇ ಹೆಸರು. ಫ್ರೆಂಚರ ಮೇಲಿನ ಹಳೆಯ ಯುದ್ಧದಲ್ಲಿ ಸಿಪಾಯಿಗಳು ಕೋವಿಮದ್ದು ತುಂಬಿಕೊಳ್ಳುತ್ತಿದ್ದ ದನದ ಕೊಂಬುಗಳೆಂದರೆ ಅವನಿಗೆ ಪ್ರಾಣ. ಕೋಟೆಯಲ್ಲಿ ಹೊತ್ತು ಹೋಗದೆ ಆ ಬಡಪಾಯಿಗಳು ಅವುಗಳ ಮೇಲೆ ಚಾಕುವಿನ ಮೊನೆಯಿಂದ ಹೆಸರು, ಇಸವಿ, ಹಡಗು, ಮೀನು ಕೆತ್ತುತ್ತಿದ್ದರು. "ಒಂದೂ ಹಸು ಇಲ್ಲ, ಇಪ್ಪತ್ತಾರು ಕೊಂಬಿವೆ ನಮ್ಮನೇಲಿ," ಎಂದು ಹೆಂಡತಿ ಲೊರೇನ್ ಬಂದವರಿಗೆಲ್ಲ ಹೇಳುತ್ತಿದ್ದಳು.

ಅವುಗಳಲ್ಲಿ ಅವನ ಕಣ್ಮಣಿ ಬ್ಯೂಲಾ ಪುರಿಂಟನ್ ಕೊಟ್ಟದ್ದು. ಹಿಮಬಿರುಗಾಳಿಯ ದಿನ ಆ ಒಂಟಿ ಮುದುಕಿಯ ಬಾಯ್ಲರ್ ಕೆಟ್ಟಾಗ ಎಲ್ವಿನ್ ಎರಡು ಮೈಲಿ ನಡೆದು ಹೋಗಿ ಸರಿಮಾಡಿದ್ದ. ಅವಳು ಬೀರುವಿನಿಂದ ಇದನ್ನು ತೆಗೆದು ಕೈಗಿಟ್ಟಿದ್ದಳು. ಮೇಲೊಂದು ಮೀನು, ಕೆಳಗೆ 'ಏಸಾ ಪುರಿಂಟನ್, 1758'. ಎಲ್ವಿನ್ ಇಸವಿ ನೋಡಿದ್ದೇ ಕೊಂಬನ್ನು ಎದೆಗವಚಿಕೊಂಡಿದ್ದ.

ಆರು ವರ್ಷದ ಮೇಲೆ ಚರ್ಚಿನ ಸಭಾಂಗಣದಲ್ಲಿ ಅವನ ಕೊಂಬುಗಳ ಪ್ರದರ್ಶನ ಏರ್ಪಾಡಾಯಿತು. ಅಂದು ಬೆಳಿಗ್ಗೆ ಒಂದೊಂದು ಕೊಂಬಿನ ಮುಂದಿಡುವ ಚೀಟಿ ಬರೆಯಲು ಕೂತವನು ಭೂತಗನ್ನಡಿ ಹಿಡಿದ. ಬ್ಯೂಲಾಳ ಕೊಂಬಿನಲ್ಲಿ ಹುಳು ಕೊರೆದ ತೂತೊಂದಿತ್ತು. ಹುಳು ಕೆತ್ತಿದ ಗೀಟನ್ನೇ ತಿಂದಿದ್ದರೆ ಕೆತ್ತನೆ ಹಳೆಯದು. ಇಲ್ಲಿ ಮೀನಿನ ಬಾಲ ತೂತನ್ನು ತಪ್ಪಿಸಿ ಸುತ್ತಿಕೊಂಡು ಹೋಗಿತ್ತು. ಅಂದರೆ ಕೊಂಬು ಹಳೆಯದು, ಕೆತ್ತನೆ ತೂತು ಬಿದ್ದ ಮೇಲಿನದು, ಹೊಸದು. ಊರೂರಿನ ನಕಲಿ ಹಿಡಿದು ಮೀಸೆ ತಿರುವಿದವನಿಗೆ ತನ್ನ ಮನೆಯದೇ ಕಂಡಿರಲಿಲ್ಲ!

ಸುಳ್ಳು ಚೀಟಿ ಬರೆಯಲಾರ. ನಿಜ ಬರೆದರೆ ಊರಿನೆದುರು ಮುದುಕಿಯ ಮಾನ ಹೋಗುತ್ತದೆ. ಮೊದಲು ಅವಳಿಗೇ ಹೇಳೋಣವೆಂದು ಕೊಂಬು ಹಿಡಿದು ಹೊರಟ.

ಬ್ಯೂಲಾ ಸೇಬಿನ ಪೈಗೆ ಹಿಟ್ಟು ಲಟ್ಟಿಸುತ್ತಿದ್ದಳು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಈ ಕೆತ್ತನೆ ಸಿಪಾಯಿದಲ್ಲ."

"ಅಲ್ಲವೇ ಅಲ್ಲ. ನಮ್ಮ ಹಾರ್ಲನ್‌ದು."

"ನಿಮ್ಮ ಯಜಮಾನ್ರದಾ?"

"ಮದುವೆಯಾದ ವರ್ಷ ಮರ ಬಿದ್ದು ಕಾಲು ಮುರೀತು. ಚಳಿಗಾಲ ಪೂರ್ತಿ ಹಾಸಿಗೆ ಮೇಲೆ. ಅಟ್ಟದಲ್ಲಿ ಬೋಳು ಕೊಂಬಿತ್ತು, ತಂದ್ಕೊಟ್ಟೆ. ಯುದ್ಧಕ್ಕೆ ಹೋಗಿದ್ದ ಮುತ್ತಜ್ಜನ ಮುತ್ತಜ್ಜನ ಹೆಸರು, ಇಸವಿ ಕೆತ್ತಿದ್ರು. ಮೀನು ಮಾತ್ರ ನಂಗೋಸ್ಕರ."

"ಹೇಳ್ಲೇ ಇಲ್ವಲ್ಲಮ್ಮಾ!"

"ನೀನು ಕೇಳಿದ್ಯಾ? ಇಸವಿ ನೋಡಿ ಬಾಯಿ ಬಿಟ್ಕೊಂಡು ನಿಂತೆ. ಹಳೇದು ಅಂತ ಕೊಟ್ಟೆ ಅನ್ಕೊಂಡ್ಯೇನೋ ಪೆದ್ದ? ಅವತ್ತು ನೀನು ಬರದಿದ್ರೆ ನಾನು ಚಳೀಲೇ ಸತ್ತು ಹೋಗ್ತಿದ್ದೆ. ಈ ಮನೇಲಿ ಈ ಕೊಂಬಿಗಿಂತ ದೊಡ್ಡದು ಏನಿತ್ತು ಕೊಡೋಕೆ?"

ಎಲ್ವಿನ್ ಕುರ್ಚಿ ಎಳೆದುಕೊಂಡು ಕೂತ. ಆರು ವರ್ಷ ಕೈಯಲ್ಲಿ ಹಿಡಿದು ಮೆರೆದದ್ದು ಏನೆಂದು ಈಗ ತಿಳಿಯಿತು. ಅವಳ ಋಣ ಹೇಗೆ ತೀರಿಸಲೆಂದು ಕಣ್ಣು ತುಂಬಿತು.

"ವಾಪಸ್ ಇಟ್ಕೊಳ್ಳಿ ಅಮ್ಮಾ."

"ಕೊಟ್ಟಿದ್ದು ಕೊಟ್ಟಾಯ್ತು. ಚೀಟಿ ಇಲ್ಲೇ ಬರಿ, ನೋಡ್ತೀನಿ."

ಅವನು ಹಿಟ್ಟು ಚೆಲ್ಲಿದ ಮೇಜಿನ ಮೇಲೆಯೇ ಬರೆದ: 'ಹಾರ್ಲನ್ ಪುರಿಂಟನ್ ಕೆತ್ತಿದ್ದು'. ಬ್ಯೂಲಾ ಕನ್ನಡಕ ಏರಿಸಿ ಓದಿದಳು. ಎರಡು ಸಲ ಓದಿದಳು.

"ಹರಿದು ಹಾಕು," ಎಂದಳು. "ಇನ್ನೂ ದಪ್ಪ ಅಕ್ಷರದಲ್ಲಿ ಬರಿ. ಬಾಗಿಲಲ್ಲಿ ನಿಂತವರಿಗೂ ಕಾಣ್ಬೇಕು."